ಈ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇಲ್ಲ

ಮತದಾರರ ಪಟ್ಟಿಗೆ ಫೋಟೋ ಸೇರಿಸಬೇಕೆಂಬ ಹುಕುಂ ಬಂದಾಗ ನಾನು ಅಂಗನವಾಡಿಯಲ್ಲಿ ಸಹಾಯಕಿ. ನುಚ್ಚು ಬೇಯಿಸುವುದು, ನೀರು ತುಂಬುವುದು, ಮಕ್ಕಳ ಮೂಗು ಒರೆಸುವುದು ನನ್ನ ಕೆಲಸ. ಪಟ್ಟಿಯ ಕೆಲಸ ಟೀಚರದು. ಆದರೆ ಟೀಚರ್ ಚಿಕ್ಕೋಡಿಯಿಂದ ಬಸ್ಸಿಗೆ ಬಂದು ಹೋಗುವವಳು. ನಮ್ಮೂರು ಅಕ್ಕೋಳದ ಹತ್ತಿರ, ಅರ್ಧ ಓಣಿ ಕನ್ನಡ, ಅರ್ಧ ಮರಾಠಿ. ಯಾವ ಬಾಗಿಲಲ್ಲಿ ಯಾವ ಭಾಷೆ ಆಡಬೇಕು ಅವಳಿಗೆ ತಿಳಿಯದು, ನಾಯಿ ಕಂಡರೆ ಕಾಲು ನಡುಗುತ್ತದೆ. ಹಾಗಾಗಿ ಮಕ್ಕಳಿಗೆ ಉಣ್ಣಿಸಿ ಕಳಿಸಿದ ಮೇಲೆ ನಾನೂ ಅವಳ ಹಿಂದೆ ಹೊರಡುತ್ತಿದ್ದೆ. ನಾನು ಓದಿದ್ದು ಮೂರನೇ ಇಯತ್ತೆ. ಓದುವುದು ಅವಳು, ಕೂಗುವುದು ನಾನು.

ಕೆಲಸದ ರೀತಿ ಹೀಗಿತ್ತು. ಅವಳು ಹಾಳೆ ನೋಡಿ ಮನೆ ನಂಬರ್ ಹೇಳುವುದು. ನಾನು ಆ ಮನೆಯ ಮುಂದೆ ನಿಂತು ಹೆಸರು ಕೂಗುವುದು. ಪೂರ್ತಿ ಹೆಸರಲ್ಲ, ಮೊದಲಿನದಷ್ಟೇ. ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಕೂಗುತ್ತ ಹೋದರೆ ಸಂಜೆಯಾದರೂ ಒಂದು ಓಣಿ ಮುಗಿಯುತ್ತಿರಲಿಲ್ಲ. ಆ ಹೆಸರಿನವರು ಇದ್ದರೆ ಫೋಟೋ ಇಸಿದುಕೊಳ್ಳುವುದು. ಸತ್ತಿದ್ದರೆ, ಊರು ಬಿಟ್ಟಿದ್ದರೆ ಪೆನ್ಸಿಲ್ಲಿನ ಗುರುತು. ಎರಡನೇ ಸಲ ಹೋದಾಗಲೂ ಅದೇ ಉತ್ತರ ಬಂದರೆ ಪೆನ್ನಿನ ಗುರುತು. ಆಮೇಲೆ ಚಾವಡಿಯ ಗೋಡೆಗೆ ಹಾಳೆ ಅಂಟಿಸುತ್ತಾರೆ, ಏಳು ದಿನ ಯಾರೂ ತಕರಾರು ಮಾಡದಿದ್ದರೆ ಹೆಸರು ಹೋಯಿತು.

ಗಂಡಸರ ಹೆಸರು ಕೂಗಿದರೆ ತೊಂದರೆ ಇರಲಿಲ್ಲ. ಮುದುಕಿಯರದೂ ಸರಿಯಿತ್ತು. ಎಡವಟ್ಟಾಗಿದ್ದು ಈಚಿನ ವರ್ಷಗಳಲ್ಲಿ ಸೇರಿಸಿದ ಹೆಣ್ಣುಹೆಸರುಗಳಲ್ಲಿ.

"ಸುರೇಖಾ ಅದಾಳೇನ ಬೇ?" ಎಂದು ಮರಾಠಿ ಓಣಿಯಲ್ಲಿ ಒಬ್ಬ ಮುದುಕಿಯನ್ನು ಕೇಳಿದೆ. ಆಕೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಯಾವ ಸುರೇಖಾ? ನಮ್ಮನ್ಯಾಗ ಆ ಹೆಸರಿನವರು ಯಾರೂ ಇಲ್ಲ. ನಿನಗೇನ ಮಾಡಾಕ ಕೆಲಸಿಲ್ಲೇನ?"

ಮುಂದಿನ ಮನೆ, "ಅನಿತಾ?"

"ಇಲ್ಲ."

ಸಾವ್ಕಾರರ ಮನೆಯ ಗೇಟಿನಲ್ಲಿ ಎರಡು ನಾಯಿ. ಟೀಚರ್ ನನ್ನ ಬೆನ್ನಿಗೆ ಅಂಟಿಕೊಂಡಳು. ಸಾವ್ಕಾರರೆಂದರೆ ನಮ್ಮೂರಲ್ಲಿ ಕಬ್ಬು, ದ್ರಾಕ್ಷಿ, ಎರಡು ಬಾವಿ, ಒಂದು ಟ್ರ್ಯಾಕ್ಟರ್, ಪಂಚಾಯತಿ ಎಲ್ಲ ಸೇರಿ. ಅಲ್ಲಿಯೂ ಕೂಗಿದೆ. "ಸುಮನ ಅದಾರೇನ್ರಿ?" ಸಾವ್ಕಾರರ ತಾಯಿ ತೂಗುಮಣೆಯ ಮೇಲಿಂದಲೇ ಕೈ ಆಡಿಸಿದರು. "ಇಲ್ಲಿ ಯಾವ ಸುಮನಾನೂ ಇಲ್ಲ, ಹೋಗ್ರಿ." ಹೋದೆವು.

"ಈ ಹಾಳಿ ಮಾಡಿದವ ಯಾರೋ ಏನೋ, ಇಲ್ಲದವರ ಹೆಸರು ತುಂಬ್ಯಾನ," ಎಂದು ನಾನು ಬೈದೆ. ಟೀಚರ್ ಗುರುತು ಹಾಕಿಕೊಂಡಳು. ಹಾಳೆಯಲ್ಲಿ ಬಿಟ್ಟುಹೋದವರಿದ್ದರೆ ಹೊಸ ಅರ್ಜಿ ತುಂಬಬೇಕೆಂದು ಎಲ್ಲ ಬಾಗಿಲಲ್ಲೂ ಹೇಳಿದಳು. ಮಾಡೋಣ ತಗೋರಿ ಎಂದರು ಜನ. ಯಾರೂ ಮಾಡಲಿಲ್ಲ.

ನಮ್ಮ ಓಣಿಯ ಪಾಳಿ ಬಂದ ದಿನ ಎರಡು ಸಲವೂ ನಾನು ಹೋಗಲಿಲ್ಲ. ಆ ವಾರ ಇಲಾಖೆಯಿಂದ ಬಂದ ಗೋಧಿಯಲ್ಲಿ ನುಸಿ ಬಿದ್ದಿತ್ತು, ಕೇರುತ್ತ ಕೂತಿದ್ದೆ. ಊರಲ್ಲಿ ಡಂಗುರ ಸಾರುವ ವಾಲಿಕಾರ ಟೀಚರ್ ಜೊತೆ ಹೋಗಿ ಬಂದ.

ಬೇಸಿಗೆ ಹತ್ತಿರ ಬಂತು, ಪಂಚಾಯತಿ ಚುನಾವಣೆ ಸಾರಿದರು. ನಮ್ಮ ವಾರ್ಡಿನ ಸೀಟು ಹೆಣ್ಣುಮಕ್ಕಳಿಗೆ ಎಂದಾಯಿತು. ಎಂದಾಗುವುದರೊಳಗೆ ಸಾವ್ಕಾರರು ತಮ್ಮ ಹೆಂಡತಿಯನ್ನು ಅವಿರೋಧ ಆರಿಸುತ್ತೇವೆಂದು ಊರಿಗೆಲ್ಲ ಹೇಳಿಯಾಗಿತ್ತು.

ಅವತ್ತು ಸಂಜೆ ರೊಟ್ಟಿ ಬಡಿಯುತ್ತಿದ್ದ ನನ್ನ ಸೊಸೆ ಹಂಚಿನಿಂದ ಕಣ್ಣು ತೆಗೆಯದೆ, "ಅತ್ತಿ, ಈ ಸಲ ನಾ ನಿಂದರ್ತೀನಿ," ಎಂದಳು.

"ಎಲ್ಲಿ?"

"ಪಂಚಾಯ್ತಿಗೆ."

ಮಗ ತಟ್ಟೆಯ ಮುಂದೆ ಕೂತವನು ಅಗಿಯುವುದನ್ನು ನಿಲ್ಲಿಸಿದ. ಅವನು ಸಾವ್ಕಾರರ ಟ್ರ್ಯಾಕ್ಟರ್ ಹೊಡೆಯುತ್ತಾನೆ. "ತಲಿಗಿಲಿ ಕೆಟ್ಟೈತೇನ ನಿಂದು? ನನ್ನ ಹೊಟ್ಟಿ ಮ್ಯಾಲ ಕಾಲಿಡ್ತೀ ಏನು?"

"ನಿಮ್ಮ ಹೊಟ್ಟಿಗೆ ನೀರು ಬ್ಯಾಡೇನು? ವಾಲ್ವ್ ತಿರುವಾಂವ ಮೊದಲ ಅವರ ದ್ರಾಕ್ಷಿಗೆ ಬಿಡ್ತಾನ, ಆಮ್ಯಾಲ ಮ್ಯಾಲಿನ ಓಣಿಗೆ. ನಮ್ಮ ಓಣಿಗೆ ಬರೂದ್ರಾಗ ಟಾಕಿ ಖಾಲಿ. ನಿಮ್ಮವ್ವ ಅಂಗನವಾಡಿಗೂ ಹೊರತಾಳ, ಮನಿಗೂ ಹೊರತಾಳ. ಕೇಳವರು ಒಬ್ಬರರ ಒಳಗ ಬ್ಯಾಡೇನು?"

ನನ್ನ ಸೊಂಟಕ್ಕೆ ಅವಳ ಮಾತು ಸರಿಯೆನಿಸಿತು.

ಮರುದಿನ ಅಂಗನವಾಡಿಗೆ ಅವಳನ್ನೂ ಕರೆದುಕೊಂಡು ಹೋದೆ. ನಿಲ್ಲಬೇಕಾದರೆ ಮೊದಲು ಪಟ್ಟಿಯಲ್ಲಿ ಹೆಸರಿರಬೇಕು. ಕ್ರಮಸಂಖ್ಯೆ ಬರೆದುಕೊಳ್ಳಬೇಕು. ಟೀಚರ್ ಹೊಸ ಫೋಟೋ ಪಟ್ಟಿ ತೆಗೆದು ನಮ್ಮ ಮನೆ ನಂಬರ್ ಹುಡುಕಿದಳು. ನನ್ನ ಫೋಟೋ ಇತ್ತು. ಮಗನದಿತ್ತು.

"ಭಾಗ್ಯಶ್ರೀ ಅಂತ ಇಲ್ಲಲ್ಲರೀ," ಎಂದಳು.

"ಸರಿಯಾಗಿ ನೋಡ್ರಿ. ಆ ಮಾಸ್ತರರು ಬಂದಿದ್ರಲ್ಲ, ಹೊಸ ಸೊಸಿಗೋಳ ಹೆಸರು ಬರಕೊಂಡು ಹೋದ್ರಲ್ಲ, ಆವಾಗ ನಾನಽ ಕೊಟ್ಟೀನಿ," ಎಂದೆ.

"ಏನು ಕೊಟ್ಟಿದ್ರಿ?"

ಸೊಸೆ ಹೇಳಿದಳು. "ವಯಸ್ಸಿನ ಪುರಾವೆ ಅಂದ್ರು. ಸಾಲಿ ದಾಖಲಾ ಅತ್ತಿ ಕೈಯಾಗ ಕೊಟ್ಟಿದ್ದೆ."

ಟೀಚರ್ ಪೆಟ್ಟಿಗೆಯ ತಳದಿಂದ ತೆಗೆದುಹಾಕಿದ ಹೆಸರುಗಳ ಹಾಳೆ ಹೊರತೆಗೆದಳು, ಹೆಸರಷ್ಟೇ, ಮನೆ ನಂಬರ್ ಇಲ್ಲದ್ದು. ಬೆರಳಿಟ್ಟು ಓದುತ್ತ ಹೋದಳು. ಸುರೇಖಾ, ವಿಳಾಸದಲ್ಲಿ ಇಲ್ಲ. ಅನಿತಾ, ವಿಳಾಸದಲ್ಲಿ ಇಲ್ಲ. ಸುಮನ, ವಿಳಾಸದಲ್ಲಿ ಇಲ್ಲ. ಶೋಭಾ, ವಿಳಾಸದಲ್ಲಿ ಇಲ್ಲ. ಕಸ್ತೂರಿ.

"ಅದು ನಾನಽರಿ," ಎಂದಳು ಸೊಸೆ.

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಹಾಗೆಯೇ ನಿಂತಿತು. ನುಚ್ಚು ತಳ ಹತ್ತಿದ ವಾಸನೆ ಬಂದ ಮೇಲೆ ನನಗೆ ಎಚ್ಚರ. ಕಸ್ತೂರಿ. ಹೆಣ್ಣು ನೋಡಲು ಹೋದಾಗ ಅವರಪ್ಪ ಆ ಹೆಸರಿನಿಂದ ಕರೆದದ್ದು ಕೇಳಿದ್ದೆ. ಲಗ್ನದ ದಿನ ಅಕ್ಕಿ ತುಂಬಿದ ತಾಟು ಹಿಡಿದು ನಿಂತವಳು ನಾನೇ. ಮಗ ಉಂಗುರದ ಅಂಚಿನಿಂದ ಆ ಅಕ್ಕಿಯಲ್ಲಿ ಭಾಗ್ಯಶ್ರೀ ಎಂದು ಬರೆದ, ಎಲ್ಲರೂ ಒಮ್ಮೆ ಓದಿದರು, ಅಲ್ಲಿಗೆ ಹಳೆಯ ಹೆಸರು ಮುಗಿಯಿತು. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೆಯೇ. ಬೇರೆ ಮನೆಗೆ ಬಂದಳು, ಬೇರೆ ಹೆಸರಾಯಿತು. ನನಗೂ ಹೀಗೆಯೇ ಆಗಿತ್ತು. ಅದರಲ್ಲಿ ವಿಚಾರ ಮಾಡುವಂಥದ್ದೇನಿದೆ ಎಂದು ಅವತ್ತಿನವರೆಗೆ ಅನ್ನಿಸಿರಲಿಲ್ಲ.

ಆ ಮಾಸ್ತರ ದಾಖಲಾ ನೋಡಿ ನೋಡಿ ತವರಿನ ಹೆಸರು, ಅಪ್ಪನ ಹೆಸರು ಇಳಿಸಿಕೊಂಡಿದ್ದ. ಮನೆ ನಂಬರ್ ಮಾತ್ರ ಗಂಡನ ಮನೆಯದು. ಆ ಹೆಸರುಗಳನ್ನೇ ನಾವು ಅತ್ತೆಯಂದಿರ ಬಾಗಿಲಲ್ಲಿ ನಿಂತು ಕೂಗಿದ್ದು. ಹೆಸರಿನ ಹೆಣ್ಣುಮಕ್ಕಳು ಒಳಗೆ ಒಲೆಯ ಮುಂದೆಯೋ ಹೊಲದಲ್ಲಿಯೋ ಇದ್ದರು. ಅತ್ತೆಯಂದಿರು ಸುಳ್ಳು ಹೇಳಿರಲಿಲ್ಲ. ಅವರ ಮನೆಗಳಲ್ಲಿ ಆ ಹೆಸರಿನವರು ನಿಜವಾಗಿಯೂ ಇರಲಿಲ್ಲ.

"ನಮ್ಮನಿ ಬಾಗಲಾಗ ಯಾರ ಹೇಳಿದ್ರು ಇಲ್ಲಂತ?" ಎಂದು ಟೀಚರನ್ನು ಕೇಳಿದೆ.

ಅವಳು ನನ್ನ ಮುಖ ನೋಡಲಿಲ್ಲ. "ನಿಮ್ಮ ಮಗಾರೀ. ಎರಡೂ ಸಲ ಅವರಽ ಇದ್ರು. ಗಾಡಿ ತೊಳ್ಯಾಕತ್ತಿದ್ರು. ವಾಲಿಕಾರ, ಕಸ್ತೂರಿ ಅದಾಳೇನೋ ಅಂದಾ. ಇಲ್ಲಿ ಯಾರೂ ಇಲ್ಲೋ ಅಂದ್ರು."

ಸಂಜೆ ಅವನು ಬಂದಾಗ ಕೇಳಿದೆ. "ಲೇ, ನಿನ್ನ ಹೇಂತಿ ಹೆಸರೇನು?"

"ಏನ ಕೇಳ್ತೀ ಬೇ ಅವ್ವಾ? ಭಾಗ್ಯಾ."

"ಅದಕ್ಕಿಂತ ಮೊದಲು?"

ಅವನು ಹೆಂಡತಿಯ ಕಡೆ ನೋಡಿದ. ಅವಳು ಹೇಳಿಕೊಡಲಿಲ್ಲ. ಕೊನೆಗೆ ಬಾಯಿ ಕೈಯಿಂದ ಮುಚ್ಚಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. "ಲಗ್ನದಾಗ ಒಮ್ಮೆ ಕೇಳಿದ್ದೆ ಬೇ. ಎಲ್ಲಿ ನೆನಪಿರತೈತಿ."

ನಾನು ಎದ್ದು ಹೋಗಿ ದನಕ್ಕೆ ನೀರಿಟ್ಟೆ.

ಆಗ ನಿಪ್ಪಾಣಿ ತಾಲೂಕು ಆಗಿರಲಿಲ್ಲ. ಎಲ್ಲದಕ್ಕೂ ಚಿಕ್ಕೋಡಿ. ಸೊಸೆ, ಟೀಚರ್, ನಾನು ಮೂವರೂ ತಹಶೀಲ್ದಾರ ಕಚೇರಿಗೆ ಹೋದೆವು. ಚುನಾವಣೆ ಶಾಖೆಯ ಗುಮಾಸ್ತ ದಾಖಲಾ ಒಂದು ಕೈಯಲ್ಲಿ, ರೇಷನ್ ಕಾರ್ಡು ಒಂದು ಕೈಯಲ್ಲಿ ಹಿಡಿದು ತಕ್ಕಡಿಯಂತೆ ಮೇಲೆ ಕೆಳಗೆ ಮಾಡಿದ.

"ಇದರಾಗ ಕಸ್ತೂರಿ, ಇದರಾಗ ಭಾಗ್ಯಶ್ರೀ. ಇಬ್ಬರು ಹೆಣ್ಮಕ್ಕಳು ಇವರು."

"ಒಬ್ಬಾಕಿನಽರೀ, ನಿಮ್ಮ ಮುಂದ ನಿಂತಾಳ ನೋಡ್ರಿ," ಎಂದೆ.

"ನನ್ನ ಮುಂದ ನಿಂತಾಕಿ ಯಾರು ಅಂತ ನನಗ ಕಾಗದ ಹೇಳಬೇಕ್ರಿ ಆಯಿ, ನೀವಲ್ಲ. ಗಡಿ ಊರು ನಿಮ್ದು. ಇಲ್ಲೊಂದು ಹೆಸರು, ಆಚೆ ಮಹಾರಾಷ್ಟ್ರದಾಗ ಕಾಗಲ ಕಡೆ ತವರಿನಾಗೊಂದು ಹೆಸರು. ಮುಂಜಾನೆ ಇಲ್ಲೆ ಒತ್ತಿ, ಮಸಿ ತಿಕ್ಕೊಂಡು ಅಲ್ಲೆ ಒತ್ತಿ ಬರವರು ಎಷ್ಟು ಮಂದಿ ಅದಾರ ನಿಮಗೇನು ಗೊತ್ತಿಲ್ಲ?"

ಗೊತ್ತಿತ್ತು. ನಮ್ಮೂರಲ್ಲೇ ಅಂಥ ಗಂಡಸರಿದ್ದರು, ಪಪ್ಪಾಯಿ ಹಾಲು ಹಚ್ಚಿ ಬೆರಳು ತಿಕ್ಕುವವರು. ಅವನ ಮಾತು ಸುಳ್ಳಲ್ಲ. ಆದರೆ ಆ ಗಂಡಸರ ಹೆಸರು ಎರಡೂ ಕಡೆ ಗಟ್ಟಿಯಾಗಿ ಕೂತಿತ್ತು. ನನ್ನ ಸೊಸೆಯ ಹೆಸರನ್ನು ತವರಿನಲ್ಲಿ ಲಗ್ನವಾಗಿ ಹೋದಳೆಂದು ತೆಗೆದಿದ್ದರು, ಇಲ್ಲಿ ಇಲ್ಲವೆಂದು ತೆಗೆದಿದ್ದರು. ಎರಡು ಕಡೆ ಮತ ಹಾಕುವ ಕಳ್ಳರನ್ನು ಹಿಡಿಯಲು ಬೀಸಿದ ಬಲೆಗೆ ಎಲ್ಲಿಯೂ ಮತವಿಲ್ಲದವಳು ಬಿದ್ದಿದ್ದಳು.

ಗುಮಾಸ್ತ ಕೆಟ್ಟವನಲ್ಲ. ದಾರಿ ಹೇಳಿದ. ಕೋರ್ಟಿನ ಹೊರಗೆ ಕೂತ ವಕೀಲರಿಂದ ಎರಡೂ ಹೆಸರು ಒಬ್ಬಳದೇ ಎಂದು ಪ್ರಮಾಣಪತ್ರ ಮಾಡಿಸಿ, ಗಂಡನ ಸಹಿ ಹಾಕಿಸಿ ತಂದರೆ ಏಳು ದಿನದ ನೋಟಿಸು ಹಚ್ಚಿ ಹೆಸರು ಸೇರಿಸಬಹುದು. ನಾಮಪತ್ರ ಮುಗಿಯುವ ದಿನದವರೆಗೆ ಅವಕಾಶ. ಆಮೇಲೆ ಪಟ್ಟಿ ಮುಚ್ಚುತ್ತದೆ.

ಮಗ ಸಹಿ ಹಾಕಲಿಲ್ಲ. "ಸಾವ್ಕಾರರು ಕೇಳ್ಯಾರ. ನಿನ್ನ ಹೇಂತಿ ಎರಡ ಹೆಸರಿನಾಕಿ ಅಂತಲ್ಲೋ, ಅಂದ್ರು ನಾಲ್ಕು ಮಂದ್ಯಾಗ. ನಕ್ಕರು ಎಲ್ಲಾರೂ." ಎರಡು ಹೆಸರಿನವಳೆಂದರೆ ನಮ್ಮ ಕಡೆ ಬೇರೆ ಅರ್ಥ ಬರುತ್ತದೆ. ಸೊಸೆ ಎದ್ದು ಒಳಗೆ ಹೋದಳು.

ಚಿಕ್ಕೋಡಿಯಲ್ಲಿ ನಮ್ಮನ್ನು ಬಸ್ಸಿಗೆ ಹತ್ತಿಸುವಾಗಲೇ ಟೀಚರ್ ಒಂದು ಮಾತು ಹೇಳಿದ್ದಳು. ಹೇಗಾದರೂ ಮಾಡಿ ಸೊಸೆಯ ಹೆಸರೊಂದನ್ನು ಮೊದಲು ಸೇರಿಸೋಣ, ಉಳಿದವರದು ಚುನಾವಣೆ ಆದ ಮೇಲೆ ನೋಡಿದರಾಯಿತು. ಎಲ್ಲರ ಅರ್ಜಿ ಒಟ್ಟಿಗೆ ಕೊಟ್ಟರೆ ಕಚೇರಿಯವರು ಬೇಕೆಂದೇ ತಡ ಮಾಡುತ್ತಾರೆ, ಸೊಸೆ ನಿಲ್ಲುವ ಹೊತ್ತು ಮೀರುತ್ತದೆ. ಅವಳ ಲೆಕ್ಕ ಸರಿಯಿತ್ತು.

ನಾನು ನುಚ್ಚು ತಿರುವುತ್ತ ಅದನ್ನೇ ಯೋಚಿಸಿದೆ. ಒಬ್ಬಳ ಕಾಗದ ಹೋದರೆ ಅವಳು ಎರಡು ಹೆಸರಿನವಳು, ಜನ ನಗುತ್ತಾರೆ, ಕಚೇರಿ ಸಂಶಯ ಪಡುತ್ತದೆ, ಗಂಡ ಸಹಿ ಹಾಕುವುದಿಲ್ಲ. ಓಣಿಗೆ ಓಣಿಯೇ ಎರಡು ಹೆಸರು ಹಿಡಿದು ಹೋದರೆ ಅದು ಊರ ಪದ್ಧತಿ. ಆಗ ಯಾರು ಯಾರನ್ನು ನೋಡಿ ನಗಬೇಕು?

"ಎಲ್ಲಾರದೂ ಕೊಡೂಣ," ಎಂದೆ.

ಟೀಚರ್ ಹೌಹಾರಿದಳು. "ನಿಮ್ಮ ಸೊಸಿ ಸೀಟು ಹೊಕ್ಕೈತ್ರೀ ಆಯಿ."

"ಹೋದ್ರ ಹೋಗಲಿ. ಒಬ್ಬಾಕಿದು ಕೊಟ್ರೂ ಹೋಗೂದಽ ಐತಿ."

ಸೊಸೆಯನ್ನು ಕೇಳಿದೆ. ಅವಳು ಹೂಂ ಎಂದಳು. ಮುಖ ಮಾತ್ರ ಗಟ್ಟಿಯಾಗಿತ್ತು.

ಈ ಸಲ ನಾನು ಯಾರ ಬಾಗಿಲಿಗೂ ಹೋಗಿ ಕೂಗಲಿಲ್ಲ. ಮಕ್ಕಳನ್ನು ಬಿಡಲು ತಾಯಂದಿರು ಅಂಗನವಾಡಿಗೆ ಬರುತ್ತಾರೆ. ಅಲ್ಲಿ ಅತ್ತೆ ಇರುವುದಿಲ್ಲ. ಒಬ್ಬೊಬ್ಬಳನ್ನೇ ಒಲೆಯ ಹತ್ತಿರ ಕರೆದು ಕೇಳಿದೆ. "ನಿಮ್ಮವ್ವ ನಿನ್ನ ಏನಂತ ಕರೀತಿದ್ದಳು?"

ಆ ದಿನಗಳಲ್ಲಿ ನಾನು ಕಂಡದ್ದಕ್ಕೆ ಇವತ್ತಿಗೂ ನನಗೆ ಸಮಾಧಾನ ಸಿಕ್ಕಿಲ್ಲ. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ. ಒಬ್ಬಳು ಸುತ್ತ ನೋಡಿ ನನ್ನ ಕಿವಿಯಲ್ಲಿ ಹೇಳಿದಳು. ಒಬ್ಬಳು ಹೊಸ ಹೆಸರನ್ನೇ ಹೇಳಿದಳು, ಅದಲ್ಲ ಎಂದರೆ "ಅದಕ್ಕಿಂತ ಮೊದಲಿಂದಾ?" ಎಂದು ನನ್ನನ್ನೇ ಕೇಳಿದಳು. ಹುಣಸೆಹಣ್ಣಿನ ಮುದುಕಿಯ ಸೊಸೆಯೇ ಸುರೇಖಾ. ನಾನು ಅವಳ ಹೆಸರು ಕೂಗಿದಾಗ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳಂತೆ. ಕೇಳಿಸಿತ್ತು.

"ಮತ್ಯಾಕ ಬರಲಿಲ್ಲಬೇ ಹೊರಗ?"

"ನನ್ನ ಕರೀತೀರಿ ಅಂತ ಅನಸಲಿಲ್ಲರಿ. ನಮ್ಮೂರಾಗ ಯಾರೋ ಕರದಂಗಾತು."

ನಿಪ್ಪಾಣಿಯಿಂದ ಫೋಟೋದವನನ್ನು ಕರೆಸಿದೆವು. ಅಂಗನವಾಡಿಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿದ. ಸೆರಗು ಹಣೆ ಮುಚ್ಚಬಾರದು, ಕಿವಿ ಕಾಣಬೇಕು ಎಂದ. ಒಬ್ಬ ಅತ್ತೆ ಹೇಗೋ ಸುಳಿವು ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ನಮ್ಮ ಸೊಸಿ ಕಿವಿ ಸರಕಾರಕ್ಕ ಯಾಕ ಬೇಕ್ರಿ?" ಎಂದಳು. ಫೋಟೋದವ, "ನನಗೂ ಬ್ಯಾಡ್ರಿ ಮಾವಶಿ, ಅವರಿಗೆ ಬೇಕಂತ," ಎಂದು ಕ್ಲಿಕ್ ಮಾಡಿಬಿಟ್ಟ.

ಟೀಚರ್ ಅರ್ಜಿಗಳಲ್ಲಿ ತವರಿನ ಹೆಸರು ಬರೆದು, ಮುಂದೆ ಉರ್ಫ್ ಎಂದು ಹಾಕಿ ಗಂಡನ ಮನೆಯ ಹೆಸರು ಬರೆದಳು. ಗಂಟು ಕಟ್ಟಿ ಚಿಕ್ಕೋಡಿಗೆ ಒಯ್ದೆವು. ಗುಮಾಸ್ತ ಗಂಟು ನೋಡಿ ಕುರ್ಚಿಯಿಂದ ಎದ್ದ. ಕೂತ. ಮತ್ತೆ ಎದ್ದು ಒಳಗೆ ಹೋದ. ಒಳಗಿನ ಅಧಿಕಾರಿ ನೋಟಿಸು ಹಚ್ಚಲು ಹೇಳಿದರು. ಕಾಗದ ನೋಡಿ ತೀರ್ಮಾನ ಆಗುವುದಿಲ್ಲ, ನೋಟಿಸಿನ ದಿನ ಮುಗಿದ ಮೇಲೆ ತಾವೇ ಊರಿಗೆ ಬಂದು ವಿಚಾರಣೆ ಮಾಡುತ್ತೇವೆ, ಗಂಡನೋ ಮನೆಯ ಹಿರಿಯರೋ ಹಾಜರಿರಬೇಕು ಎಂದರು. ಲೆಕ್ಕ ಹಾಕಿದರೆ ಆ ವಿಚಾರಣೆಯ ಮರುದಿನವೇ ನಾಮಪತ್ರದ ಕೊನೆಯ ದಿನ.

ನೋಟಿಸು ಚಾವಡಿಯ ಗೋಡೆ ಹತ್ತಿದ್ದೇ ಸಾವ್ಕಾರರಿಂದ ಲಿಖಿತ ತಕರಾರು ಹೋಯಿತು. ಈ ಹೆಸರಿನ ಯಾರೂ ನಮ್ಮೂರಲ್ಲಿ ವಾಸವಿಲ್ಲ, ಒಬ್ಬರಿಗೆ ಎರಡು ಹೆಸರಿದ್ದರೆ ಎರಡು ಮತ ಹಾಕುತ್ತಾರೆ, ಎಲ್ಲ ಅರ್ಜಿ ವಜಾ ಮಾಡಬೇಕು ಎಂದು. ಎರಡು ಮನೆಯ ಅತ್ತೆಯಂದಿರು ಬಂದು ಸೊಸೆಯಂದಿರ ಅರ್ಜಿ ವಾಪಸು ಕೇಳಿದರು. ಕೊಟ್ಟೆವು. ಟೀಚರ್ ಬಸ್ ಸ್ಟ್ಯಾಂಡಿನಲ್ಲಿ ಅತ್ತಳು. ನಾನು ಅಳಲಿಲ್ಲ. ನುಚ್ಚು ಬೇಯಿಸಿದೆ.

ವಿಚಾರಣೆ ಅಂಗನವಾಡಿಯಲ್ಲಿ. ಕುರ್ಚಿಯೆಂದರೆ ಮಕ್ಕಳ ಕುರ್ಚಿ. ಅಧಿಕಾರಿ ದೊಡ್ಡ ದೇಹದವರು, ಅದರಲ್ಲೇ ಮೊಣಕಾಲು ಎದೆಗೆ ತಾಗಿಸಿ ಕೂತರು. ಹೆಣ್ಣುಮಕ್ಕಳು ಒಳಗೆ. ಕಬ್ಬಿನ ಕೆಲಸವಿದ್ದರಿಂದ ಗಂಡಸರು ಕೆಲವೇ ಮಂದಿ, ಬಾಗಿಲ ಹೊರಗೆ. ಸಾವ್ಕಾರರು ಒಳಗೆ ಕಿಟಕಿಯ ಹತ್ತಿರ. ನಾಳೆಯ ಸದಸ್ಯೆಯನ್ನು ಅಧಿಕಾರಿಗೆ ತೋರಿಸಲೆಂದು ಹೆಂಡತಿಯನ್ನೂ ಕರೆತಂದಿದ್ದರು. ಆ ಹುಡುಗಿ, ಅಂದರೆ ನನ್ನ ಸೊಸೆಯ ವಯಸ್ಸಿನವಳು, ಕೂಸನ್ನು ಎತ್ತಿಕೊಂಡು ಗಂಡನ ಹಿಂದೆ ನಿಂತಿದ್ದಳು. ಊರೆಲ್ಲ ಅವಳನ್ನು ವೈನಿ ಎನ್ನುತ್ತದೆ. ಅತ್ತಿಗೆ ಎಂದು ಅರ್ಥ. ಅವಳ ಹೆಸರನ್ನು ಹಿಡಿದು ಕರೆಯುವವರು ಊರಲ್ಲಿ ಯಾರೂ ಇಲ್ಲ.

ಅಧಿಕಾರಿ ಹೆಸರು ಓದಿದರು. ಸುರೇಖಾ ಎದ್ದು ನಿಂತಳು. "ಇವರ ಮನೆಯವರು ಯಾರು?" ಮುದುಕಿ ಹೊರಗಿನಿಂದ ಗೊಣಗಿದಳು. "ಅಕ್ಕ್ಯಾಗ ಬರದು ಅಳಿಸಿದ ಹೆಸರು ಮತ್ಯಾಕ ತಗೀತೀರಿ?" ಅಧಿಕಾರಿ ಕೇಳಿದರು. "ನಿಮ್ಮ ಸೊಸೆ ಹೌದೋ ಅಲ್ಲೋ?" ಮುದುಕಿ, "ಸೊಸಿ ಹೌದು. ಹೆಸರು ಅಲ್ಲ," ಎಂದಳು. ಅಧಿಕಾರಿ ಅಷ್ಟೇ ಸಾಕೆಂದು ಬರೆದುಕೊಂಡರು.

ಕಸ್ತೂರಿ ಎಂದರು. ನನ್ನ ಸೊಸೆ ಎದ್ದಳು. ಅತ್ತೆಯೆಂದು ನಾನು ಬಾಯಿ ತೆಗೆಯುವುದರೊಳಗೆ ಸಾವ್ಕಾರರು ಹೊರಗೆ ನೋಡಿ, "ಏ ಡ್ರೈವರ್, ಕಸ್ತೂರಿ ಯಾರೋ?" ಎಂದರು. ನಗುತ್ತಲೇ ಕೇಳಿದರು.

ಮಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕೈಯಲ್ಲಿ ಟ್ರ್ಯಾಕ್ಟರಿನ ಕೀಲಿ. "ನನ್ನ ಹೇಂತಿರಿ," ಎಂದ.

ಇನ್ನಷ್ಟು ಹೆಸರಾದವು. ಆಮೇಲೆ ಅಧಿಕಾರಿ ತೆಗೆದುಹಾಕಿದವರ ಹಾಳೆ ಎತ್ತಿಕೊಂಡು ಅರ್ಜಿ ಬಾರದೆ ಉಳಿದ ಹೆಸರು ಯಾವುದೆಂದು ನೋಡಿದರು. "ಸುಮನ. ಯಾರು ಸುಮನ?"

ಯಾರೂ ಏಳಲಿಲ್ಲ. ನಾನು ಒಲೆಯ ಹತ್ತಿರ ಬಂದವರನ್ನೆಲ್ಲ ಕೇಳಿದ್ದೆ, ಈ ಹೆಸರಿಗೆ ಯಾರೂ ಸಿಕ್ಕಿರಲಿಲ್ಲ. ಯಾವ ಬಾಗಿಲಲ್ಲಿ ಕೂಗಿದ್ದೆನೋ ಮರೆತಿತ್ತು.

"ನೋಡಿದ್ರಿಲ್ಲೋ ಸಾಹೇಬ್ರ?" ಸಾವ್ಕಾರರ ಧ್ವನಿ ಏರಿತು. "ಇಂಥಾ ಬೋಗಸ್ ಹೆಸರು ಇವು. ಯಾರು ಹಾಕಿದ್ರೋ, ಯಾರು ಒತ್ತತಾರೋ. ಇದೊಂದಽ ಸಾಕು, ಎಲ್ಲಾ ವಜಾ ಮಾಡ್ರಿ."

"ಅದು ನಾನು."

ಯಾರು ಅಂದರೆಂದು ಮೊದಲು ತಿಳಿಯಲಿಲ್ಲ. ವೈನಿ ಕೂಸನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಹಾಕಿಕೊಂಡು ಗಂಡನ ಹಿಂದಿನಿಂದ ಪಕ್ಕಕ್ಕೆ ಬಂದಳು. "ನಮ್ಮಪ್ಪನ ಮನ್ಯಾಗ ಸುಮನ ಅಂತಾರ. ಮಾಸ್ತರ ಬಂದಾಗ ನನ್ನ ದಾಖಲಾನೂ ಕೊಟ್ಟಿದ್ರಿ ನೀವು."

ನಾನು ಸಾವ್ಕಾರರ ಮುಖ ನೋಡಿದೆ, ಆದರೆ ನಗು ಬರಲಿಲ್ಲ. ನಾನೇ ಆ ಗೇಟಿನಲ್ಲಿ ನಿಂತು ಕೂಗಿದ್ದು ನೆನಪಾಯಿತು. ದ್ರಾಕ್ಷಿ ತೋಟವಿದ್ದ ಮನೆಯಾದರೂ ಅಷ್ಟೇ, ನುಚ್ಚು ಬೇಯಿಸುವವಳ ಮನೆಯಾದರೂ ಅಷ್ಟೇ.

ಅಧಿಕಾರಿ ಮಕ್ಕಳ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. "ನಾಳೆ ಇವರ ನಾಮಪತ್ರ ಯಾವ ಹೆಸರಿನಲ್ಲಿ ಕೊಡುವವರಿದ್ದಿರಿ? ಪಟ್ಟಿಯಲ್ಲಿ ಯಾವ ಹೆಸರೂ ಇಲ್ಲವಲ್ಲ."

ಸಾವ್ಕಾರರು ಅಲ್ಲೇ ತಕರಾರು ಹಿಂದಕ್ಕೆ ತೆಗೆದುಕೊಂಡರು. ಅವರ ಹೆಂಡತಿಯ ಅರ್ಜಿ ಅಂಗನವಾಡಿಯಲ್ಲೇ ತುಂಬಿತು. ತಕರಾರಿನವರೇ ಹಿಂದೆ ಸರಿದ ಮೇಲೆ ಅಧಿಕಾರಿ ಅದನ್ನೂ ನಮ್ಮ ಅರ್ಜಿಗಳ ಸಂಗಡ ಒಂದೇ ಆದೇಶದಲ್ಲಿ ಸೇರಿಸಿದರು. ತಪ್ಪಾಗಿ ತೆಗೆದದ್ದು, ಮೊದಲಿದ್ದ ಹೆಸರಿನಲ್ಲೇ ತಿರುಗಿ ಹಾಕಿದ್ದೇನೆ ಎಂದು ಬರೆದರು. ಉರ್ಫ್ ಹಾಕಲು ಪಟ್ಟಿಯಲ್ಲಿ ಜಾಗ ಇಲ್ಲವಂತೆ. ಮರುದಿನ ಕಸ್ತೂರಿಯೂ ಸುಮನಳೂ ನಾಮಪತ್ರ ಕೊಟ್ಟರು. ಮಗನ ಟ್ರ್ಯಾಕ್ಟರಿನ ಕೀಲಿ ಹೋಗಲಿಲ್ಲ. ಕಬ್ಬು ಸಾಗಿಸುವ ಕಾಲದಲ್ಲಿ ಡ್ರೈವರನನ್ನು ಬಿಡಿಸುವಷ್ಟು ಸಾವ್ಕಾರರು ದಡ್ಡರಲ್ಲ.

ಮತಪತ್ರದಲ್ಲಿ ಬಂದದ್ದು ಆ ಹೆಸರುಗಳೇ. ಊರು ಮಾತ್ರ ಗುರುತಿನ ಮೇಲೆ ಹೋಯಿತು. ನಮ್ಮವಳದು ಹೊಲಿಗೆ ಮಶೀನು, ವೈನಿಯದು ಫ್ಯಾನು. ಸಾವ್ಕಾರರು ವಿಚಾರಣೆಯ ಸುದ್ದಿಯನ್ನು ಯಾರ ಮುಂದೆಯೂ ಎತ್ತಲಿಲ್ಲ. ಮತದಾನದ ದಿನ ನೀರಿನ ಕೊಡ ಇಟ್ಟುಕೊಂಡು ನಾನು ಮತಗಟ್ಟೆಯಲ್ಲಿದ್ದೆ. ಮೊದಲ ಮೇಜಿನವನು ಏಜೆಂಟರಿಗೆ ಕೇಳುವಂತೆ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದುತ್ತಾನೆ. ಸುರೇಖಾ, ಅನಿತಾ, ಶೋಭಾ ಎಂದು ಅವನು ಕೂಗಿದಾಗಲೆಲ್ಲ ಸಾಲಿನಲ್ಲಿದ್ದ ಗಂಡಸರು ಹೊರಗಿನವರು ಬಂದರೇನೋ ಎಂದು ತಿರುಗಿ ನೋಡಿ, ತಮ್ಮ ಮನೆಯವರನ್ನೇ ಕಂಡು ಮುಖ ಆಚೆ ಮಾಡುತ್ತಿದ್ದರು.

ಎಣಿಕೆ ಚಿಕ್ಕೋಡಿಯಲ್ಲಿ. ಒಳಗೆ ಅಭ್ಯರ್ಥಿ ಮತ್ತು ಏಜೆಂಟರಿಗಷ್ಟೇ ಬಿಡುತ್ತಾರೆ. ಸಾವ್ಕಾರರು ಹೆಂಡತಿಯ ಏಜೆಂಟರಾಗಿ ಒಳಗಿದ್ದರು, ಟೀಚರ ತಮ್ಮ ನಮ್ಮವಳಿಗೆ. ನಾನು ಹೊರಗೆ ಬೇಲಿಯ ಹತ್ತಿರ. ಸಾವ್ಕಾರರ ಮಂದಿ ಟ್ರ್ಯಾಕ್ಟರ್ ತುಂಬ ಬಂದಿದ್ದರು, ಹೊಡೆದುಕೊಂಡು ಬಂದವನು ನನ್ನ ಮಗನೇ. ಗುಲಾಲಿನ ಚೀಲ, ಹೂವಿನ ಹಾರ, ಬಾರಿಸುವ ಹಲಗೆ ಎಲ್ಲ ಸಿದ್ಧ.

ಮೈಕಿನಲ್ಲಿ ನಮ್ಮ ಊರಿನ ಹೆಸರು ಬಂತು. ವಾರ್ಡು ಬಂತು. "ಸುಮನ ಅವರು ಚುನಾಯಿತರಾಗಿದ್ದಾರೆ."

ನನ್ನ ಸೊಸೆ ಸೋತಳು. ಅದು ನನಗೆ ತಿಳಿಯಿತು. ಆದರೆ ಗೆದ್ದವರ ಕಡೆಯಿಂದ ಸಪ್ಪಳವೇ ಇಲ್ಲ. ಹಲಗೆಯವನ ಕೋಲು ಮೇಲೆ ಎತ್ತಿದ್ದು ಮೇಲೆಯೇ ಇತ್ತು.

"ಯಾರಲೇ ಸುಮನ?"

"ಆ ಡ್ರೈವರನ ಹೇಂತಿ ಇರಬೇಕೋ."

"ಆಕಿ ಭಾಗ್ಯಾ ಅಲ್ಲೇನಲೇ?"

"ಹಂಗಾರ ನಮ್ಮ ವೈನಿ ಸೋತ್ರು. ನಡೀರಿ."

ಒಬ್ಬ ಗುಲಾಲಿನ ಚೀಲದ ಬಾಯಿ ಕಟ್ಟತೊಡಗಿದ. ಮಗ ಸ್ಟೇರಿಂಗ್ ಹಿಡಿದು ನನ್ನನ್ನೇ ನೋಡುತ್ತಿದ್ದ. ಹೇಳಬಹುದಿತ್ತು ಅವನು. ಹೇಳಬಹುದಿತ್ತು ನಾನೂ.

ಅಷ್ಟರಲ್ಲಿ ಗೇಟಿನಿಂದ ಹೆಣ್ಣುಮಕ್ಕಳಿಬ್ಬರೇ ಹೊರಗೆ ಬಂದರು. ಸಾವ್ಕಾರರು ಇನ್ನೂ ಒಳಗೆ ಕಾಗದಕ್ಕೆ ಸಹಿ ಹಾಕುತ್ತಿದ್ದರಂತೆ. ಗೆದ್ದವಳು ಮೆಟ್ಟಿಲ ಮೇಲೆ ನಿಂತು ತನ್ನ ಮಂದಿಯನ್ನು ನೋಡಿದಳು. ಅವರು ಹಾರ ಹಿಡಿದುಕೊಂಡು ಅವಳ ಕಡೆ ಕನಿಕರದಿಂದ ನೋಡಿದರು. ಯಾರೂ ಹತ್ತಿರ ಬರಲಿಲ್ಲ.

ನನ್ನ ಸೊಸೆ ಕೆಳಗಿಳಿದು ಬಂದು ಆ ಚೀಲದವನ ಕೈಯಿಂದ ಗಂಟು ಬಿಚ್ಚಿಸಿಕೊಂಡಳು. ಒಂದು ಮುಷ್ಟಿ ಗುಲಾಲು ತೆಗೆದುಕೊಂಡು ಹೋಗಿ ಅವಳ ಹಣೆಗೆ ಹಚ್ಚಿದಳು. ಆಮೇಲೆ ಗಂಡಸರ ಕಡೆ ತಿರುಗಿದಳು.

"ಬಾರಸ್ರಿ. ಸುಮನ ಅಂದ್ರ ಈಕಿ."

ಹಲಗೆ ಶುರುವಾಗಲು ಆಮೇಲೂ ಸ್ವಲ್ಪ ಹೊತ್ತು ಹಿಡಿಯಿತು.